ಕಾಂಕ್ರೀಟಿನೊಳಗಿನ ಕಂಬಿಯ ತುಕ್ಕು: ಅಳೆಯಲು ಯಾವ ವಿಧಾನ ಆರಿಸಬೇಕು?

ಕಾರವಾರದಿಂದ ಉಳ್ಳಾಲದವರೆಗೆ ಕಡಲ ಹತ್ತಿರ ಮನೆ ಇರುವವರಿಗೆ ಇದು ಹೊಸದಲ್ಲ. ಸಜ್ಜಾದ ಅಡಿಯಲ್ಲಿ ಮೊದಲು ಕಂದು ಗೆರೆ ಕಾಣುತ್ತದೆ. ಸ್ವಲ್ಪ ಕಾಲದಲ್ಲಿ ಅದೇ ಗೆರೆಯ ಉದ್ದಕ್ಕೂ ಬಿರುಕು. ಆಮೇಲೆ ಯಾವುದೋ ಮಳೆಗಾಲದಲ್ಲಿ ಅಂಗೈ ಅಗಲದ ಕಾಂಕ್ರೀಟ್ ಚಕ್ಕೆ ಕೆಳಗೆ ಬೀಳುತ್ತದೆ, ಒಳಗೆ ಕೆಂಪಾದ ಕಂಬಿ ಕಾಣುತ್ತದೆ. ಆಗ ಅಪಾರ್ಟ್‌ಮೆಂಟ್ ಸಂಘದವರು ಪರೀಕ್ಷೆ ಮಾಡಿಸೋಣ ಅಂತ ಹೊರಡುತ್ತಾರೆ. ಮೂರು ಕಡೆ ಕೊಟೇಶನ್ ಕೇಳಿದರೆ ಮೂರು ಹೆಸರು ಬರುತ್ತವೆ. ಒಬ್ಬರು ಹಾಫ್ ಸೆಲ್ ಸಾಕು ಅನ್ನುತ್ತಾರೆ. ಇನ್ನೊಬ್ಬರು ಎಲ್‌ಪಿಆರ್ ಬೇಕೇ ಬೇಕು ಅನ್ನುತ್ತಾರೆ. ಮತ್ತೊಬ್ಬರು ಸೆನ್ಸರ್ ಹೂತುಬಿಡೋಣ, ಮೊಬೈಲಿನಲ್ಲೇ ನೋಡಬಹುದು ಅನ್ನುತ್ತಾರೆ. ದರದಲ್ಲಿ ಅಜಗಜಾಂತರ.

ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ನಿಮ್ಮ ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾಗಬೇಕು.

ಮೊದಲು ಪ್ರಶ್ನೆ, ಆಮೇಲೆ ಉಪಕರಣ

ತುಕ್ಕಿನ ಬಗ್ಗೆ ಕೇಳಬಹುದಾದ ಪ್ರಶ್ನೆಗಳು ಮುಖ್ಯವಾಗಿ ಮೂರು. ತುಕ್ಕು ಎಲ್ಲಿ ಹಿಡಿಯುತ್ತಿದೆ? ಎಷ್ಟು ವೇಗವಾಗಿ ಹಿಡಿಯುತ್ತಿದೆ? ಇನ್ನೂ ಹಿಡಿದಿಲ್ಲ ಅಂದರೆ ಯಾವಾಗ ಶುರುವಾಗಬಹುದು? ರಿಪೇರಿಗೆ ಎಲ್ಲಿ ಒಡೆಯಬೇಕು ಅಂತ ತಿಳಿಯಬೇಕಾದವರಿಗೆ ಮೊದಲನೆಯದು ಸಾಕು. ರಿಪೇರಿಯನ್ನು ಎರಡು ವರ್ಷ ಮುಂದೂಡಬಹುದಾ ಅಂತ ಯೋಚಿಸುತ್ತಿರುವವರಿಗೆ ಎರಡನೆಯದು ಬೇಕು. ಹೊಸ ಜೆಟ್ಟಿ, ಹೊಸ ಸೇತುವೆ ಕಟ್ಟುತ್ತಿರುವವರಿಗೆ ಮೂರನೆಯದು.

ಇದರ ಜೊತೆಗೆ ಇನ್ನು ಕೆಲವು ವಿಷಯ ನೋಡಿಕೊಳ್ಳಿ. ಕಂಬಿಗೆ ತಂತಿ ಜೋಡಿಸಲು ಒಂದು ಕಡೆಯಾದರೂ ಕಾಂಕ್ರೀಟ್ ಒಡೆಯಲು ಒಪ್ಪಿಗೆ ಇದೆಯಾ? ಮೇಲ್ಮೈಯಲ್ಲಿ ಪೇಂಟ್, ಟೈಲ್ಸ್ ಅಥವಾ ವಾಟರ್‌ಪ್ರೂಫಿಂಗ್ ಪದರ ಇದೆಯಾ? ಬರೇ ಒಂದು ಸಲ ಅಳೆಯುತ್ತೀರಾ, ವರ್ಷ ವರ್ಷವೂ ಅಳೆಯುತ್ತೀರಾ? ಬಂದ ಅಂಕಿಯನ್ನು ಓದಿ ಹೇಳುವವರು ಯಾರು? ಈ ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ನನ್ನ ಪ್ರಕಾರ ಹಣ ಜಾಸ್ತಿ ಪೋಲಾಗುವುದು ಅಲ್ಲೇ. ದುಬಾರಿ ಉಪಕರಣ ತಂದು, ಅದು ಕೊಟ್ಟ ಅಂಕಿಯನ್ನು ಅರ್ಥ ಮಾಡಿಕೊಳ್ಳುವವರಿಲ್ಲದೆ ರಿಪೋರ್ಟ್ ಬೀರು ಸೇರುತ್ತದೆ.

ವಿದ್ಯುತ್ತಿನಿಂದ ತುಕ್ಕು ಹೇಗೆ ಗೊತ್ತಾಗುತ್ತದೆ?

ಒಳ್ಳೆಯ ಕಾಂಕ್ರೀಟಿನೊಳಗಿನ ತೇವ ತುಂಬಾ ಕ್ಷಾರೀಯ. ಪಿಎಚ್ 12.5ರಿಂದ 13ರಷ್ಟು. ಆ ಸ್ಥಿತಿಯಲ್ಲಿ ಕಂಬಿಯ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ಕಬ್ಬಿಣವನ್ನು ಕಾಯುತ್ತದೆ. ಕಡಲ ಉಪ್ಪಿನ ಕ್ಲೋರೈಡ್ ಒಳಗೆ ಇಳಿದರೆ ಆ ಪದರ ಅಲ್ಲಲ್ಲಿ ತೂತಾಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಇಳಿದರೆ ಪಿಎಚ್ 9ಕ್ಕಿಂತ ಕೆಳಗೆ ಬಂದು ಪದರ ಉದ್ದಕ್ಕೂ ಹೋಗುತ್ತದೆ. ಆಮೇಲೆ ಕಂಬಿಯ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು ಕರಗುತ್ತದೆ. ಇನ್ನೊಂದು ಜಾಗದಲ್ಲಿ ನೀರು, ಆಮ್ಲಜನಕ ಸೇರಿ ಆ ಎಲೆಕ್ಟ್ರಾನನ್ನು ತೆಗೆದುಕೊಳ್ಳುತ್ತವೆ. ನಡುವೆ ಕರೆಂಟ್ ಹರಿಯುತ್ತದೆ. ಅಂದರೆ ವೋಲ್ಟೇಜೂ ಇದೆ, ಕರೆಂಟೂ ಇದೆ. ಅಳೆಯಲು ಇಷ್ಟು ಸಾಕು.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಕಂಬಿಯ ಒಂದು ಚದರ ಸೆಂಟಿಮೀಟರಿನಿಂದ 1 ಮೈಕ್ರೋಆಂಪಿಯರ್ ಕರೆಂಟ್ ಹೊರಡುತ್ತಿದ್ದರೆ, ವರ್ಷಕ್ಕೆ ಸುಮಾರು 11.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಕಬ್ಬಿಣ ಹೋಗುತ್ತಿದೆ ಅಂತ ಅರ್ಥ. ಕೇಳಲು ಚಿಕ್ಕ ಅಂಕಿ. ಆದರೆ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಾಂಕ್ರೀಟ್ ಒಡೆಯುವುದು ಆ ಒತ್ತಡಕ್ಕೆ.

ಹಾಫ್ ಸೆಲ್: ಎಲ್ಲಿ ಅನ್ನುವುದಕ್ಕೆ

ಎಲ್ಲಕ್ಕಿಂತ ಹಳೆಯದು, ಅಗ್ಗ, ಸುಲಭ. ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಅಮೆರಿಕದ ಎಎಸ್‌ಟಿಎಂ ಸಿ 876 ಇದರ ಪ್ರಸಿದ್ಧ ಮಾನದಂಡ. ನಮ್ಮದೇ ಭಾರತೀಯ ಮಾನದಂಡ ಐಎಸ್ 516ರ 5ನೇ ಭಾಗದಲ್ಲೂ ಈಗ ಇದಕ್ಕೆ ಪ್ರತ್ಯೇಕ ವಿಭಾಗ ಇದೆ.

ಹಾಫ್ ಸೆಲ್ ಅಂದರೆ ಒಂದು ಕೊಳವೆ. ಒಳಗೆ ತಾಮ್ರದ ಕಡ್ಡಿ, ಸುತ್ತ ತಾಮ್ರದ ಸಲ್ಫೇಟಿನ ದ್ರಾವಣ, ತುದಿಯಲ್ಲಿ ತೇವ ಜಿನುಗುವ ಬಿರಡೆ. ತಾಮ್ರದ ಸಲ್ಫೇಟ್ ಅಂದರೆ ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬೆರೆಸುವ ಮೈಲುತುತ್ತೇ. ಆದರೆ ಇಲ್ಲಿಗೆ ಲ್ಯಾಬಿನ ಶುದ್ಧ ಹರಳು ಬೇಕು. ತಳದಲ್ಲಿ ಕರಗದ ಹರಳು ಉಳಿಯುವಷ್ಟು ಹಾಕಬೇಕು, ಇಲ್ಲದಿದ್ದರೆ ಅಂಕಿ ಅಲುಗಾಡುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಒಂದು ಕಡೆ ಕಾಂಕ್ರೀಟ್ ಒಡೆದು ಕಂಬಿ ಹೊರತೆಗೆಯುತ್ತಾರೆ. ತುಕ್ಕನ್ನು ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಕ್ಲಾಂಪ್ ಹಾಕುತ್ತಾರೆ. ಆ ತಂತಿ ಮೀಟರಿನ ಪಾಸಿಟಿವ್ ಕಡೆಗೆ, ಸೆಲ್ಲಿನ ತಂತಿ ನೆಗೆಟಿವ್ ಕಡೆಗೆ. ಮೇಲ್ಮೈ ಮೇಲೆ ಚಾಕ್‌ಪೀಸಿನಿಂದ ಚೌಕ ಎಳೆಯುತ್ತಾರೆ. ಪ್ರತಿ ಗುರುತಿನಲ್ಲೂ ಸ್ವಲ್ಪ ಸಾಬೂನು ದ್ರಾವಣ ಬೆರೆಸಿದ ನೀರಿನಲ್ಲಿ ನೆನೆಸಿದ ಸ್ಪಂಜ್ ಇಟ್ಟು, ಅದರ ಮೇಲೆ ಸೆಲ್ ಒತ್ತಿ ಓದುತ್ತಾರೆ. ಒಣ ಕಾಂಕ್ರೀಟ್ ಆದರೆ ಅಂಕಿ ಜಾರುತ್ತಲೇ ಇರುತ್ತದೆ, -180, -195, -215 ಅಂತ. ಅದು ನಿಲ್ಲುವವರೆಗೆ ಕಾಯಬೇಕು, ಬೇಕಿದ್ದರೆ ಮತ್ತೆ ನೆನೆಸಬೇಕು. ಇಲ್ಲಿ ಅವಸರ ಮಾಡಿದ ರಿಪೋರ್ಟ್ ಕಸಕ್ಕೆ ಸಮ.

ಅಂಕಿ -200 ಮಿಲಿವೋಲ್ಟಿಗಿಂತ ಮೇಲಿದ್ದರೆ (ಅಂದರೆ ಸೊನ್ನೆಯ ಕಡೆಗೆ) ಆ ಹೊತ್ತಿಗೆ ಅಲ್ಲಿ ತುಕ್ಕು ಇಲ್ಲದಿರುವ ಸಾಧ್ಯತೆ ಶೇಕಡಾ 90ಕ್ಕಿಂತ ಹೆಚ್ಚು. -350ಕ್ಕಿಂತ ಕೆಳಗಿದ್ದರೆ ತುಕ್ಕು ಇರುವ ಸಾಧ್ಯತೆ ಶೇಕಡಾ 90ಕ್ಕಿಂತ ಹೆಚ್ಚು. ನಡುವಿನದು ಅನುಮಾನದ ಪಟ್ಟಿ. ಇದು ತಾಮ್ರದ ಸೆಲ್ಲಿನ ಲೆಕ್ಕ ಅನ್ನುವುದನ್ನು ಮರೆಯಬೇಡಿ. ಬೆಳ್ಳಿ ಕ್ಲೋರೈಡಿನ ಸೆಲ್ ಬಳಸಿದರೆ ಅದೇ -350ರ ಗೆರೆ ಸುಮಾರು -230ಕ್ಕೆ ಬರುತ್ತದೆ. ಯಾವ ಸೆಲ್ ಅಂತ ಬರೆಯದ ರಿಪೋರ್ಟನ್ನು ವಾಪಸ್ ಕಳಿಸಿ.

ನಾನು ಒಂಟಿ ಅಂಕಿಗಿಂತ ನಕ್ಷೆಯನ್ನು ನಂಬುತ್ತೇನೆ. ಎಲ್ಲ ಬಿಂದುಗಳನ್ನೂ ಬಣ್ಣದ ನಕ್ಷೆ ಮಾಡಿದಾಗ, ಸ್ವಲ್ಪ ಅಂತರದಲ್ಲೇ ನೂರು ಮಿಲಿವೋಲ್ಟ್ ಥಟ್ಟನೆ ಇಳಿದ ಜಾಗ ಎದ್ದು ಕಾಣುತ್ತದೆ. ಅಲ್ಲಿ ಒಡೆದು ನೋಡಬೇಕು. ಇಡೀ ಸ್ಲ್ಯಾಬ್ ಒಂದೇ ಸಮ -300 ಇರುವುದಕ್ಕಿಂತ ಇದು ಹೆಚ್ಚು ಗಂಭೀರ.

ಇದು ಎಲ್ಲಿ ಕೈಕೊಡುತ್ತದೆ? ನೀರಿನಲ್ಲಿ ಮುಳುಗಿರುವ ಪಿಲ್ಲರಿನಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಅಂಕಿ ಭಯ ಹುಟ್ಟಿಸುವಷ್ಟು ಕೆಳಗೆ ಹೋಗುತ್ತದೆ, ತುಕ್ಕು ಮಾತ್ರ ತೀರಾ ನಿಧಾನ ಇರಬಹುದು. ಎಪಾಕ್ಸಿ ಲೇಪದ ಕಂಬಿಗೆ ಈ ಗೆರೆಗಳು ಅನ್ವಯಿಸುವುದಿಲ್ಲ. ಕರಾವಳಿಯಲ್ಲಿ ಅಂಥ ಕಂಬಿ ಬಳಸಿದವರು ಇದನ್ನು ಗಮನಿಸಬೇಕು. ಗ್ಯಾಲ್ವನೈಸ್ ಮಾಡಿದ ಕಂಬಿಗೂ ಅಷ್ಟೇ. ಪೇಂಟ್, ಪುಟ್ಟಿ ಇದ್ದರೆ ಕೆರೆಯಲೇಬೇಕು. ಸುತ್ತಿಗೆಯಲ್ಲಿ ತಟ್ಟಿದಾಗ ಟೊಳ್ಳು ಸದ್ದು ಬರುವ ಕಡೆ ಒಳಗೆ ಪದರ ಬಿಟ್ಟಿರುತ್ತದೆ, ಅಲ್ಲಿನ ಅಂಕಿಯನ್ನು ನಂಬಬೇಡಿ. ಅಲ್ಲಿ ಮೀಟರಿನ ಅಗತ್ಯವೂ ಇಲ್ಲ, ರಿಪೇರಿ ಬೇಕು ಅಂತ ಸದ್ದೇ ಹೇಳುತ್ತಿದೆ.

ಇನ್ನೂ ಒಂದು ಮಾತು. ಹಾಫ್ ಸೆಲ್ ವೇಗ ಹೇಳುವುದಿಲ್ಲ. -450 ಅಂದರೆ -400ಕ್ಕಿಂತ ವೇಗ ಅಂತಲ್ಲ. ಈ ಅಂಕಿ ನೋಡಿ "ಇನ್ನು ಐದು ವರ್ಷ ತಡೆಯುತ್ತದೆ" ಅಂತ ಯಾರಾದರೂ ಹೇಳಿದರೆ ಅದು ಊಹೆ.

ಎಲ್‌ಪಿಆರ್: ಎಷ್ಟು ವೇಗ ಅನ್ನುವುದಕ್ಕೆ

ಲೀನಿಯರ್ ಪೋಲರೈಸೇಶನ್ ರೆಸಿಸ್ಟೆನ್ಸ್ ಅನ್ನುವುದು ಪೂರ್ತಿ ಹೆಸರು. ಇದರ ತಳಪಾಯ ಸ್ಟರ್ನ್ ಮತ್ತು ಗಿಯರಿ 1957ರಲ್ಲಿ ಕೊಟ್ಟ ಸಮೀಕರಣ. ಕಂಬಿಯ ಸಹಜ ವೋಲ್ಟೇಜನ್ನು ಹತ್ತಿಪ್ಪತ್ತು ಮಿಲಿವೋಲ್ಟ್ ಮಾತ್ರ ಅಲುಗಿಸಿ, ಅದಕ್ಕೆ ಎಷ್ಟು ಕರೆಂಟ್ ಬೇಕಾಯಿತು ಅಂತ ನೋಡುತ್ತಾರೆ. ಸುಲಭಕ್ಕೆ ಕರೆಂಟ್ ಹರಿದರೆ ತುಕ್ಕು ಚುರುಕಾಗಿದೆ. ತಡೆ ಜಾಸ್ತಿ ಇದ್ದರೆ ಕಂಬಿ ಕ್ಷೇಮ.

ಒಂದು ಲೆಕ್ಕ ಮಾಡಿ ನೋಡೋಣ. 100 ಚದರ ಸೆಂಟಿಮೀಟರ್ ಕಂಬಿಯನ್ನು 10 ಮಿಲಿವೋಲ್ಟ್ ಅಲುಗಿಸಲು 50 ಮೈಕ್ರೋಆಂಪಿಯರ್ ಬೇಕಾಯಿತು ಅಂತಿಟ್ಟುಕೊಳ್ಳಿ. ತಡೆ 200 ಓಮ್. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ 20,000. ತುಕ್ಕು ಹಿಡಿಯುತ್ತಿರುವ ಕಂಬಿಗೆ ಸಾಮಾನ್ಯವಾಗಿ 26 ಮಿಲಿವೋಲ್ಟ್ ಅನ್ನುವ ಸ್ಥಿರಾಂಕ ಬಳಸುತ್ತಾರೆ. ಅದನ್ನು ಆ 20,000ದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 1.3 ಮೈಕ್ರೋಆಂಪಿಯರ್. ಅಂದರೆ ವರ್ಷಕ್ಕೆ ಸುಮಾರು 15 ಮೈಕ್ರಾನ್. ಚದರ ಸೆಂಟಿಮೀಟರಿನ ಕರೆಂಟ್ 0.1 ಮೈಕ್ರೋಆಂಪಿಯರಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ, 0.5ರವರೆಗೆ ಕಡಿಮೆ, 1ರವರೆಗೆ ಮಧ್ಯಮ, 1 ದಾಟಿದರೆ ಜೋರು ಅಂತ ವಿಂಗಡಿಸುವುದು ರೂಢಿ. ನಮ್ಮ ಉದಾಹರಣೆ ಜೋರಿನ ಗುಂಪಿಗೆ ಸೇರಿತು.

8 ಮಿಲಿಮೀಟರ್ ಕಂಬಿ ಹತ್ತು ವರ್ಷ ಇದೇ ವೇಗದಲ್ಲಿ ಸವೆದರೆ ವ್ಯಾಸ 7.7ಕ್ಕೆ ಇಳಿಯುತ್ತದೆ. ಅಡ್ಡಕೊಯ್ತದಲ್ಲಿ ಶೇಕಡಾ 7ರಷ್ಟು ನಷ್ಟ. ಇಷ್ಟೇನಾ ಅನ್ನಿಸಬಹುದು. ಆದರೆ ಕಡಲ ಉಪ್ಪಿನ ತುಕ್ಕು ಒಂದೇ ಸಮ ಸವೆಸುವುದಿಲ್ಲ, ಗುಳಿ ತೋಡುತ್ತದೆ. ಗುಳಿಯ ಆಳ ಸರಾಸರಿಯ ನಾಲ್ಕರಿಂದ ಎಂಟು ಪಟ್ಟು ಇರಬಹುದು. ಎಂಟು ಪಟ್ಟು ಹಿಡಿದರೆ ಅದೇ ಹತ್ತು ವರ್ಷದಲ್ಲಿ 1.2 ಮಿಲಿಮೀಟರ್ ಆಳದ ಗುಳಿ. ಎಲ್‌ಪಿಆರ್ ಕೊಡುವುದು ಸರಾಸರಿಯನ್ನು ಮಾತ್ರ.

ಇದರ ದೊಡ್ಡ ತಕರಾರು ವಿಸ್ತೀರ್ಣದ್ದು. ಕಾಂಕ್ರೀಟಿನ ಮೇಲೆ ಇಡುವ ಪ್ರೋಬಿನಿಂದ (ಅಳೆಯುವ ಸಾಧನದಿಂದ) ಹೊರಟ ಕರೆಂಟ್ ಕಂಬಿಯ ಉದ್ದಕ್ಕೂ ಹರಡಿಕೊಳ್ಳುತ್ತದೆ. ನಾವು 100 ಅಂತ ಲೆಕ್ಕ ಹಾಕಿದ ಜಾಗ ನಿಜದಲ್ಲಿ 300 ಆಗಿದ್ದರೆ ಉತ್ತರ ಮೂರು ಪಟ್ಟು ತಪ್ಪು. ಅದಕ್ಕೇ ಒಳ್ಳೆಯ ಉಪಕರಣಗಳಲ್ಲಿ ಪ್ರೋಬಿನ ಸುತ್ತ ಗಾರ್ಡ್ ರಿಂಗ್ ಇರುತ್ತದೆ, ಕರೆಂಟನ್ನು ಒಂದು ಮಿತಿಯೊಳಗೆ ಹಿಡಿದಿಡಲು. ಗಾರ್ಡ್ ರಿಂಗ್ ಇಲ್ಲದ ಅಗ್ಗದ ಉಪಕರಣವನ್ನು ಕಾಂಕ್ರೀಟಿಗೆ ನಾನು ಶಿಫಾರಸು ಮಾಡುವುದಿಲ್ಲ. ಕಾಂಕ್ರೀಟಿನ ತಡೆಯನ್ನು ಕಳೆದು ಲೆಕ್ಕ ಹಾಕುವ ವ್ಯವಸ್ಥೆಯೂ ಬೇಕು, ಇಲ್ಲದಿದ್ದರೆ ಕಂಬಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನೊಂದು, ಎಲ್‌ಪಿಆರ್ ಬೈಕಿನ ಸ್ಪೀಡೋಮೀಟರ್ ಇದ್ದ ಹಾಗೆ. ಈ ಕ್ಷಣದ ವೇಗ ತೋರಿಸುತ್ತದೆ, ಇಷ್ಟು ದಿನ ಓಡಿದ್ದು ಎಷ್ಟು ಅಂತ ಹೇಳುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಒಣಗಿದ ಸ್ಲ್ಯಾಬ್ ಕೊಡುವ ಅಂಕಿಗೂ ಜುಲೈ ಮಳೆಯಲ್ಲಿ ತೊಯ್ದ ಅದೇ ಸ್ಲ್ಯಾಬ್ ಕೊಡುವ ಅಂಕಿಗೂ ತುಂಬಾ ವ್ಯತ್ಯಾಸ. ಕರಾವಳಿಯಲ್ಲಿ ಬೇಸಿಗೆಯಲ್ಲಿ ಮಾತ್ರ ಅಳೆದು ನಿಶ್ಚಿಂತೆಯಾಗಿ ಕೂರುವುದು ಅಪಾಯ. ಒಂದೇ ಬಿಂದುವನ್ನು ಎರಡೂ ಕಾಲದಲ್ಲಿ ಅಳೆಯಲು ಆಗದಿದ್ದರೆ ಮಳೆಗಾಲದ ಕೊನೆಯನ್ನು ಆರಿಸಿ.

ಒಂದೊಂದು ಬಿಂದುವಿಗೂ ಕೆಲವು ನಿಮಿಷ ಬೇಕು. ಹಾಗಾಗಿ ಇಡೀ ಕಟ್ಟಡ ಸುತ್ತಲು ಇದು ಆಗದು. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಗ್ಯಾಲ್ವನೋಸ್ಟಾಟಿಕ್ ಪಲ್ಸ್ ಅನ್ನುವ ತಮ್ಮ ಇದಕ್ಕಿದ್ದಾನೆ. ವೇಗ ಜಾಸ್ತಿ, ನಿಖರತೆ ಸ್ವಲ್ಪ ಕಡಿಮೆ. ದೊಡ್ಡ ಜಾಗ ಇದ್ದರೆ ಅದೂ ಒಳ್ಳೆಯ ಆಯ್ಕೆಯೇ.

ಹೂತಿಡುವ ಸೆನ್ಸರ್: ಯಾವಾಗ ಅನ್ನುವುದಕ್ಕೆ

ಮುಖ್ಯವಾಗಿ ಹೊಸದಾಗಿ ಕಟ್ಟುವವರಿಗೆ ಸಿಗುವ ಅವಕಾಶ ಇದು. ಏಣಿ ಆಕಾರದ ಸೆನ್ಸರನ್ನು ಕಾಂಕ್ರೀಟ್ ಹಾಕುವ ಮೊದಲೇ ಕಂಬಿಗೆ ಕಟ್ಟುತ್ತಾರೆ. ಅದರ ಒಂದೊಂದು ಮೆಟ್ಟಿಲೂ ಕಂಬಿಯಂಥದ್ದೇ ಉಕ್ಕು, ಮೇಲ್ಮೈಯಿಂದ ಬೇರೆ ಬೇರೆ ಆಳದಲ್ಲಿ. ಪಕ್ಕದಲ್ಲಿ ತುಕ್ಕು ಹಿಡಿಯದ ಲೋಹದ ಕ್ಯಾಥೋಡ್, ಅಂದರೆ ಎಲೆಕ್ಟ್ರಾನ್ ತೆಗೆದುಕೊಳ್ಳುವ ತುಂಡು. ಮೆಟ್ಟಿಲಿಗೂ ಕ್ಯಾಥೋಡಿಗೂ ನಡುವಿನ ಕರೆಂಟ್ ಮೊದಲು ಹತ್ತಿರ ಹತ್ತಿರ ಸೊನ್ನೆ ಇರುತ್ತದೆ. ಉಪ್ಪು ಮೊದಲ ಮೆಟ್ಟಿಲನ್ನು ತಲುಪಿದ ದಿನ ಕರೆಂಟ್ ಏರುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕಡಲ ಹನಿ ಸಿಡಿಯುವ ಜಾಗಕ್ಕೆ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 50 ಮಿಲಿಮೀಟರ್. 10 ಮಿಲಿಮೀಟರ್ ಆಳದ ಮೆಟ್ಟಿಲು ಯಾವ ವರ್ಷ ಎದ್ದಿತು, 20ರದ್ದು ಯಾವಾಗ ಎದ್ದಿತು ಅಂತ ಗೊತ್ತಾದರೆ ಉಪ್ಪು ಕಂಬಿಯನ್ನು ತಲುಪುವ ಕಾಲವನ್ನು ಅಂದಾಜು ಮಾಡಬಹುದು. ಕಂಬಿಗೆ ಏನೂ ಆಗುವ ಮೊದಲೇ ಮೇಲ್ಮೈಗೆ ಲೇಪ ಹಾಕಿ ತಡೆಯಬಹುದು. ತುಕ್ಕು ಶುರುವಾದ ಮೇಲಿನ ರಿಪೇರಿಗಿಂತ ಈ ಖರ್ಚು ಎಷ್ಟೋ ಕಡಿಮೆ.

ಆದರೆ ಸೆನ್ಸರ್ ಎಲ್ಲಿದೆಯೋ ಅಲ್ಲಿನ ಸುದ್ದಿ ಮಾತ್ರ ಅದು ಹೇಳುತ್ತದೆ. ಜಾಗ ತಪ್ಪಿದರೆ ಎಲ್ಲ ವ್ಯರ್ಥ. ಅಲೆ ಸಿಡಿಯುವ ಮಟ್ಟ, ಗಾಳಿಗೆ ಎದುರಾದ ಮುಖ, ನೀರು ನಿಲ್ಲುವ ಮೂಲೆ ಇವನ್ನು ಮೊದಲು ಆರಿಸಿ. ಕೇಬಲ್ ಮತ್ತು ಜಂಕ್ಷನ್ ಬಾಕ್ಸಿನ ಮೇಲೂ ಕಣ್ಣಿರಲಿ. ಅದರ ಟರ್ಮಿನಲ್‌ಗಳಿಗೇ ಉಪ್ಪುಗಾಳಿ ಹೊಡೆದು ತುಕ್ಕು ಹಿಡಿದರೆ ಒಳಗಿನ ಸೆನ್ಸರ್ ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ. ಹಳೆಯ ಕಟ್ಟಡಕ್ಕೆ ರಂಧ್ರ ಕೊರೆದು ಕೂರಿಸುವ ಉಂಗುರದ ಮಾದರಿಯೂ ಇದೆ. ಮನೆಗಳಿಗೆ ಅದು ಅತಿಯಾಯಿತು. ಜೆಟ್ಟಿ, ಸೇತುವೆಗೆ ಸರಿ.

ಇಂಪೀಡೆನ್ಸ್ ಮತ್ತು ನಾಯ್ಸ್

ಈ ಎರಡು ಹೆಸರುಗಳನ್ನು ವಿದ್ಯಾರ್ಥಿಗಳು ಜಾಸ್ತಿ ಕೇಳುತ್ತಾರೆ. ಇಂಪೀಡೆನ್ಸ್ ಸ್ಪೆಕ್ಟ್ರೋಸ್ಕೋಪಿಯಲ್ಲಿ ಬೇರೆ ಬೇರೆ ಫ್ರೀಕ್ವೆನ್ಸಿಯ ಪುಟ್ಟ ಅಲೆಗಳನ್ನು ಕಳಿಸಿ ಕಾಂಕ್ರೀಟಿನ ತಡೆ, ಲೇಪದ ತಡೆ, ಕಂಬಿಯ ತಡೆ ಬೇರೆ ಬೇರೆಯಾಗಿ ತಿಳಿಯಬಹುದು. ಹೊಸ ಲೇಪ, ಹೊಸ ಇನ್ಹಿಬಿಟರ್ (ತುಕ್ಕು ತಡೆಯುವ ರಾಸಾಯನಿಕ) ಪರೀಕ್ಷಿಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ 1 ಮಿಲಿಹರ್ಟ್ಸ್‌ನಲ್ಲಿ ಒಂದೇ ಅಲೆ ಮುಗಿಯಲು 1000 ಸೆಕೆಂಡ್ ಬೇಕು. ಸೈಟಿನಲ್ಲಿ ಅಷ್ಟು ಹೊತ್ತು ಒಂದೊಂದು ಬಿಂದುವಿನಲ್ಲಿ ಕೂರಲು ಆಗುವುದಿಲ್ಲ. ಪ್ರಾಜೆಕ್ಟಿಗೆ ಇಂಪೀಡೆನ್ಸ್ ಅಳೆಯುವ ಎಡಿ5933 ಚಿಪ್ಪಿನ ಅಗ್ಗದ ಬೋರ್ಡ್ ಕೊಳ್ಳಲು ಹೊರಟವರು ಒಂದು ವಿಷಯ ನೋಡಿಕೊಳ್ಳಿ. ಅದು ಸಾಮಾನ್ಯವಾಗಿ 1ರಿಂದ 100 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ತುಕ್ಕಿನ ಸುದ್ದಿ ಇರುವುದು 1 ಹರ್ಟ್ಸ್‌ಗಿಂತ ಕೆಳಗೆ. ಆ ಹಣದಲ್ಲಿ ಸರಳ ಪೊಟೆನ್ಶಿಯೋಸ್ಟಾಟ್ (ಲೋಹದ ವೋಲ್ಟೇಜನ್ನು ಬೇಕಾದಲ್ಲಿ ಹಿಡಿದಿಟ್ಟು ಕರೆಂಟ್ ಅಳೆಯುವ ಉಪಕರಣ) ಮಾಡಿಕೊಂಡು ಎಲ್‌ಪಿಆರ್ ಕಲಿಯುವುದು ಲಾಭ.

ಎಲೆಕ್ಟ್ರೋಕೆಮಿಕಲ್ ನಾಯ್ಸ್ ಏನನ್ನೂ ಅಲುಗಿಸದೆ, ತಾನಾಗಿ ಏರಿಳಿಯುವ ಕರೆಂಟನ್ನು ಆಲಿಸುವ ವಿಧಾನ. ಗುಳಿ ಬೀಳುವುದನ್ನು ಹಿಡಿಯಬಲ್ಲದು. ಓದುವುದು ಕಷ್ಟ, ಸುತ್ತಲಿನ ವಿದ್ಯುತ್ ಗಲಾಟೆಯೂ ಸೇರಿಕೊಳ್ಳುತ್ತದೆ. ಸದ್ಯಕ್ಕೆ ಇದನ್ನು ಲ್ಯಾಬಿಗೆ ಬಿಡಿ.

ಕಾರ್ಖಾನೆಯ ಕೂಲಿಂಗ್ ವಾಟರಿನ ಕಥೆ ಬೇರೆ. ನೀರು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ, ಪ್ರೋಬಿನ ವಿಸ್ತೀರ್ಣ ನಿಖರವಾಗಿ ಗೊತ್ತಿರುತ್ತದೆ. ಎಲ್‌ಪಿಆರ್ ತನ್ನ ಪೂರ್ತಿ ಶಕ್ತಿ ತೋರಿಸುವುದು ಅಲ್ಲಿ. ಜೊತೆಗೆ ತೂಕ ನೋಡುವ ಲೋಹದ ಕೂಪನ್ (ಸಣ್ಣ ಪಟ್ಟಿ) ಇಟ್ಟರೆ ಪ್ರೋಬನ್ನು ತಾಳೆ ನೋಡಬಹುದು. ಎಣ್ಣೆ, ಅನಿಲದ ಪೈಪಿನಲ್ಲಿ ಮಾತ್ರ ಎಲ್‌ಪಿಆರ್ ನಡೆಯದು. ಅಲ್ಲಿಗೆ ಲೋಹ ತೆಳುವಾದಂತೆ ತಡೆ ಏರುವುದನ್ನು ಅಳೆಯುವ ಇಆರ್ ಪ್ರೋಬ್ ಬೇಕು.

ಯಾವುದೂ ಸಾಲದ ಜಾಗ

1986ರ ಜುಲೈನಲ್ಲಿ ಪಣಜಿಯ ಮಾಂಡೋವಿ ಸೇತುವೆ ಕುಸಿಯಿತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಪ್ರಿಸ್ಟ್ರೆಸ್ (ಕಾಂಕ್ರೀಟನ್ನು ಒತ್ತಿ ಹಿಡಿಯಲು ಬಿಗಿದೆಳೆದ ಉಕ್ಕಿನ) ಕೇಬಲ್‌ಗಳ ತುಕ್ಕು ಅದರ ಮುಖ್ಯ ಕಾರಣ. ಅಂಥ ಕೇಬಲ್ ಲೋಹದ ಅಥವಾ ಪ್ಲಾಸ್ಟಿಕ್ ನಳಿಗೆಯೊಳಗೆ ಇರುತ್ತದೆ. ಮೇಲಿನಿಂದ ಹಾಫ್ ಸೆಲ್ ಇಟ್ಟರೆ ಅದಕ್ಕೆ ನಳಿಗೆಯ ಒಳಗಿನದು ಕಾಣುವುದಿಲ್ಲ. ಎಲ್‌ಪಿಆರ್‌ಗೂ ಕಾಣುವುದಿಲ್ಲ. ಪ್ರಿಸ್ಟ್ರೆಸ್ ರಚನೆಗೆ ಹಾಫ್ ಸೆಲ್ ರಿಪೋರ್ಟ್ ತೋರಿಸಿ ಎಲ್ಲ ಕ್ಷೇಮ ಅಂದರೆ ಒಪ್ಪಬೇಡಿ. ಅಲ್ಲಿ ನಳಿಗೆ ತೆರೆದು ಕಣ್ಣಾರೆ ನೋಡುವುದು, ಅದರೊಳಗೆ ಗ್ರೌಟ್ (ಸಿಮೆಂಟಿನ ಗಂಜಿ) ತುಂಬಿದೆಯಾ ಅಂತ ಪರೀಕ್ಷಿಸುವುದು ಬೇರೆಯೇ ಕೆಲಸ.

ಹಾಗಾದರೆ ಯಾರಿಗೆ ಯಾವುದು?

ಸ್ವಂತ ಮನೆ, ಸಜ್ಜಾ, ಬಾಲ್ಕನಿ ಅಷ್ಟೇ ಆದರೆ ಮೊದಲು ಸುತ್ತಿಗೆಯಲ್ಲಿ ತಟ್ಟಿ ನೋಡಿಸಿ. ಟೊಳ್ಳಾದ ಕಡೆ ರಿಪೇರಿ ಮಾಡಿಸಿ. ಪರೀಕ್ಷೆಗೆ ಕೊಡುವ ಹಣ ಅಲ್ಲಿಗೇ ಹೋಗಲಿ.

ಅಪಾರ್ಟ್‌ಮೆಂಟ್ ಸಂಘಕ್ಕೆ ನನ್ನ ಆಯ್ಕೆ ಹಾಫ್ ಸೆಲ್ ನಕ್ಷೆ. ಪಾರ್ಕಿಂಗಿನ ಪಿಲ್ಲರ್‌ಗಳ ಬುಡ, ನೀರಿನ ಟ್ಯಾಂಕಿನ ಕೆಳಗಿನ ಬೀಮ್, ಕಡಲ ಕಡೆಯ ಮುಖ, ಇಷ್ಟಕ್ಕೆ ಮೊದಲು. ನಕ್ಷೆಯಲ್ಲಿ ಕೆಟ್ಟದಾಗಿ ಕಂಡ ಎರಡು ಮೂರು ಕಡೆ, ಚೆನ್ನಾಗಿ ಕಂಡ ಒಂದು ಕಡೆ ಒಡೆದು ನೋಡಬೇಕು. ಅಲ್ಲೇ ಕಾಂಕ್ರೀಟ್ ಪುಡಿ ತೆಗೆದು ಕ್ಲೋರೈಡ್ ಎಷ್ಟಿದೆ ಅಂತ ಲ್ಯಾಬಿನಲ್ಲಿ ನೋಡಿಸಿ. ರಿಪೇರಿಗೆ ಈಗ ಹಣ ಇಲ್ಲ, ಮುಂದೂಡಲೇಬೇಕು ಅನ್ನುವವರು ಮಾತ್ರ ಆ ಕೆಟ್ಟ ಜಾಗಗಳಲ್ಲಿ ಎಲ್‌ಪಿಆರ್ ಮಾಡಿಸಿ. ಎರಡನ್ನೂ ಇಡೀ ಕಟ್ಟಡಕ್ಕೆ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಸಣ್ಣ ಗುತ್ತಿಗೆದಾರರು, ರಿಪೇರಿ ಕೆಲಸದವರು ಸ್ವಂತಕ್ಕೆ ಕೊಳ್ಳುವುದಾದರೆ ಒಂದು ಒಳ್ಳೆಯ ತಾಮ್ರದ ಸೆಲ್, ತಾಳೆ ನೋಡಲು ಇನ್ನೊಂದು ಸೆಲ್, ಇನ್‌ಪುಟ್ ಇಂಪೀಡೆನ್ಸ್ 10 ಮೆಗಾಓಮ್ ಅಥವಾ ಅದಕ್ಕಿಂತ ಹೆಚ್ಚಿರುವ ಮಲ್ಟಿಮೀಟರ್ ಸಾಕು. ಎಲ್‌ಪಿಆರ್ ಉಪಕರಣವನ್ನು ಬೇಕಾದಾಗ ಬಾಡಿಗೆ ಸೇವೆಯಾಗಿ ಪಡೆಯಿರಿ.

ಹೊಸ ಜೆಟ್ಟಿ, ಸೇತುವೆ, ಕಡಲಂಚಿನ ದೊಡ್ಡ ಕಟ್ಟಡಕ್ಕೆ ಹೂತಿಡುವ ಸೆನ್ಸರ್. ಬಜೆಟ್ ಚಿಕ್ಕದಾದರೆ ಸೆನ್ಸರ್ ಸಂಖ್ಯೆ ಕಡಿಮೆ ಮಾಡಿ, ಗುಣಮಟ್ಟ ಕಡಿಮೆ ಮಾಡಬೇಡಿ. ವರ್ಷಕ್ಕೆ ಎರಡು ಸಲ ಓದಿ ಬರೆದಿಡುವ ಜವಾಬ್ದಾರಿ ಯಾರದ್ದು ಅಂತ ಒಪ್ಪಂದದಲ್ಲೇ ಬರೆಸಿ. ಅದಕ್ಕೂ ಒಪ್ಪದಿದ್ದರೆ ಸೆನ್ಸರ್ ಹಾಕಿಸಬೇಡಿ, ಆ ಹಣದಲ್ಲಿ ಕವರ್ ಸರಿಯಾಗಿ ಬಂದಿದೆಯಾ ಅಂತ ನೋಡಿಸಿ.

ವರ್ಕ್ ಆರ್ಡರ್ ಕೊಡುವಾಗ ಇಷ್ಟನ್ನು ಬರೆಸಿಕೊಳ್ಳಿ: ಯಾವ ರೆಫರೆನ್ಸ್ ಸೆಲ್ (ತಾಮ್ರದ್ದೋ, ಬೆಳ್ಳಿ ಕ್ಲೋರೈಡಿನದ್ದೋ), ಬಿಂದುಗಳ ನಡುವೆ ಎಷ್ಟು ಅಂತರ, ಅಳೆದ ದಿನದ ಉಷ್ಣತೆ ಮತ್ತು ಮಳೆಯ ಸ್ಥಿತಿ, ಕಂಬಿಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿವೆ ಅಂತ ಪರೀಕ್ಷಿಸಿದ ದಾಖಲೆ, ಎಲ್‌ಪಿಆರ್ ಆದರೆ ಲೆಕ್ಕಕ್ಕೆ ಹಿಡಿದ ವಿಸ್ತೀರ್ಣ ಮತ್ತು ಸ್ಥಿರಾಂಕ, ಒಡೆದು ನೋಡಿದ ಜಾಗಗಳ ಫೋಟೋ. ಮೂಲ ಅಂಕಿಗಳ ಎಕ್ಸೆಲ್ ಫೈಲನ್ನೂ ಕೇಳಿ. ಮುಂದಿನ ಸಲ ಬೇರೆ ಏಜೆನ್ಸಿ ಬಂದರೂ ಅದೇ ಬಿಂದುಗಳಲ್ಲಿ ಅಳೆಯಲು ಅದು ಬೇಕಾಗುತ್ತದೆ.